ಗುಂಡಿ ತೋಡಿದವನೇ ತೆರಬೇಕು

"ಸಭೆ ಗಿಡ ನೆಡಲಿ, ಮಿತವಾಗಿ ಬಾಳುವುದನ್ನು ಬೋಧಿಸಲಿ. ಕಾಯಿದೆಯ ಗೊಡವೆ ನಮಗೇಕೆ? ಅಲ್ಲಿಗೆ ಹೋದರೆ ಸುವಾರ್ತೆ ಹಿಂದಾಗಿ ರಾಜಕೀಯ ಮುಂದಾಗುತ್ತದೆ. ಅಲ್ಲದೆ ಆದಿಕಾಂಡವೇ ಮನುಷ್ಯನಿಗೆ ಭೂಮಿಯ ಮೇಲೆ ದೊರೆತನ ಕೊಟ್ಟಿದೆಯಲ್ಲ?" ಕ್ರೈಸ್ತ ಸಭೆಯೊಂದರ ಹಿರಿಯರಾದ ಓದುಗರು ಹೀಗೆ ಕೇಳಿದ್ದಾರೆ. ಕಸ ಸುಡುವ ಘಟಕವೊಂದರ ವಿಷಯವಾಗಿ ತಮ್ಮ ಸಭೆಯ ಯುವಕರು ಬರೆದ ಮನವಿಯ ಪ್ರತಿಯನ್ನೂ ಕಳಿಸಿ, ಇದಕ್ಕೆ ಸಹಿ ಹಾಕಲೋ ಬೇಡವೋ ಎಂದಿದ್ದಾರೆ.

ಮಾನ್ಯರೇ,

ದೊರೆತನದ ಮಾತು ಮೊದಲು. ಆದಿಕಾಂಡ 1:28ರಲ್ಲಿ ಅದು ಇದೆ, ಇಲ್ಲವೆನ್ನಲಾಗದು. ಆದರೆ 2:15ರಲ್ಲಿ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ. ಅಲ್ಲಿರುವ ಎರಡು ಹೀಬ್ರೂ ಕ್ರಿಯಾಪದಗಳೇ ಅರಣ್ಯಕಾಂಡ 3ರಲ್ಲಿ ಲೇವಿಯರು ದೇವದರ್ಶನದ ಗುಡಾರದಲ್ಲಿ ಮಾಡುವ ಸೇವೆಗೂ ಕಾವಲಿಗೂ ಬರುತ್ತವೆ. ಗುಡಾರ ಕಾಯುವ ಲೇವಿಯನಿಗೆ ಅದರ ಪರದೆಯನ್ನು ಹರಿದು ಮಾರುವ ಹಕ್ಕಿತ್ತೇ?

ಕಾಯಿದೆ ನಮ್ಮ ಗೊಡವೆಯಲ್ಲ ಎಂಬ ಮಾತಿಗೆ ನನ್ನ ತಕರಾರು ಇನ್ನೂ ದೊಡ್ಡದು. ಮೋಶೆಯ ಪುಸ್ತಕಗಳು ನೆಲದ ವಿಷಯದಲ್ಲಿ ಉಪದೇಶಕ್ಕಿಂತ ಕಟ್ಟಳೆಯನ್ನೇ ಹೆಚ್ಚು ಕೊಡುತ್ತವೆ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದು ಸತ್ತ ಎತ್ತಿನ ಬೆಲೆ ತೆರಬೇಕು (ವಿಮೋಚನಕಾಂಡ 21:33-34). ಹಚ್ಚಿದ ಬೆಂಕಿ ಮುಳ್ಳುಗಿಡಗಳಿಗೆ ಹತ್ತಿ ಪಕ್ಕದವನ ಪೈರು ಸುಟ್ಟರೆ ಹಚ್ಚಿದವನೇ ನಷ್ಟ ತುಂಬಬೇಕು (22:6). ಏಳನೆಯ ವರ್ಷ ಭೂಮಿಗೆ ವಿರಾಮ (ಯಾಜಕಕಾಂಡ 25). ಗುಂಡಿ ತೋಡಿದವನು ದೈವಭಕ್ತನೋ ಅಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ಮುಚ್ಚಿತ್ತೇ, ನಷ್ಟವೆಷ್ಟು, ತೆರುವವರು ಯಾರು, ಇಷ್ಟೇ. ಮಾಲಿನ್ಯ ಮಾಡಿದವನೇ ಖರ್ಚು ಹೊರಬೇಕು ಎಂಬ ಇಂದಿನ ತತ್ವ ಕೇಳುವುದೂ ಇಷ್ಟನ್ನೇ. ಗಿಡ ನೆಡುವುದು ಒಳ್ಳೆಯದೇ. ಆದರೆ ಹೊಗೆ ಬೇಲಿ ನೋಡಿ ನಿಲ್ಲುವುದಿಲ್ಲ. ಶೋಧಿಸಿ ಬಿಡುವ ಕಾರ್ಖಾನೆಗೆ ಖರ್ಚು, ಹಾಗೇ ಬಿಡುವ ಕಾರ್ಖಾನೆಗೆ ಉಳಿತಾಯ. ನಿಯಮ ಇಬ್ಬರಿಗೂ ಒಂದೇ ಆಗದಿದ್ದರೆ ಪ್ರಾಮಾಣಿಕನೇ ಮೊದಲು ಬಾಗಿಲು ಮುಚ್ಚುತ್ತಾನೆ.

ಇನ್ನು ಆ ಮನವಿ. ಒಂದೂವರೆ ಪುಟ ವಚನಗಳಿವೆ, ಬೇಡಿಕೆ ಒಂದು ಸಾಲು: "ದೇವರ ಸೃಷ್ಟಿಯನ್ನು ಕಾಪಾಡಿ." ಓದಿದ ಅಧಿಕಾರಿ "ಪರಿಶೀಲಿಸಲಾಗುವುದು" ಎಂದು ಬರೆದು ಕಡತ ಮುಚ್ಚಬಹುದು. ವಚನ ಒಂದು ಸಾಕು. ಉಳಿದ ಜಾಗದಲ್ಲಿ ಪರವಾನಗಿಯ ಕರಡಿನ ಯಾವ ಕಲಮು, ಅದರಲ್ಲಿ ಯಾವ ಪದ ತೆಗೆದು ಯಾವುದು ಹಾಕಬೇಕು ಎಂದು ಬರೆಯಲಿ.

ಉದಾಹರಣೆಗೆ, ಐರೋಪ್ಯ ಒಕ್ಕೂಟದ ನಿಯಮದಂತೆ ಇಂಥ ಘಟಕದಲ್ಲಿ ಉರಿದ ಅನಿಲ ಕನಿಷ್ಠ 850 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 2 ಸೆಕೆಂಡಾದರೂ ಇರಬೇಕು; ಕಸ ಸರಿಯಾಗಿ ಉರಿಯದಾಗ ಹುಟ್ಟುವ ಡಯಾಕ್ಸಿನ್ ಎಂಬ ವಿಷ, ಹೊರಬಿಡುವ ಅನಿಲದ ಘನಮೀಟರಿಗೆ 0.1 ನ್ಯಾನೋಗ್ರಾಂ ಮೀರಬಾರದು. ಹಸಿ ಕಸ ಹೆಚ್ಚಾದಾಗ ಶಾಖ ಇಳಿಯುತ್ತದೆ; ಒಲೆ ಹೊತ್ತಿಸುವಾಗ, ಆರಿಸುವಾಗಲೂ ಹಾಗೇ. ಧೂಳನ್ನು ಯಂತ್ರ ಸತತವಾಗಿ ಅಳೆಯುತ್ತದೆ. ಡಯಾಕ್ಸಿನ್‌ಗೆ ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಬಾರಿ ಮಾದರಿ ತೆಗೆಯುತ್ತಾರೆ. ದಿನ ಮೊದಲೇ ಗೊತ್ತಿದ್ದರೆ ಅಂದು ಒಣ ಕಸವನ್ನೇ ಸುಡುವುದು ಕಷ್ಟವಲ್ಲ. ಆದ್ದರಿಂದ ಕೇಳಬೇಕಾದದ್ದು: ಶಾಖ ಇಳಿದೊಡನೆ ಕಸ ಹಾಕುವುದು ತಾನಾಗಿ ನಿಲ್ಲುವ ವ್ಯವಸ್ಥೆ, ಮುನ್ಸೂಚನೆಯಿಲ್ಲದ ಮಾದರಿ, ಮಾದರಿ ತೆಗೆಯುವವರು ಘಟಕದ ಸಂಬಳದವರಾಗಿರದಿರುವುದು, ಅಂಕಿ ಅಂದಂದೇ ಸಾರ್ವಜನಿಕರಿಗೆ ಸಿಗುವುದು. ಶೋಧಕದಲ್ಲಿ ಕೂರುವ ಹಾರುಬೂದಿಯನ್ನು ಜನ ಮರೆತೇಬಿಡುತ್ತಾರೆ. ಹೊಗೆಯಿಂದ ತೆಗೆದ ವಿಷದ ಬಹುಪಾಲು ಅದರಲ್ಲೇ ಇರುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂಬುದೂ ಪರವಾನಗಿಯಲ್ಲಿ ಇರಲಿ. ಒಂದೇ ಒಕ್ಕಣೆಯ ಸಾವಿರ ಪತ್ರಗಳನ್ನು ಒಂದೇ ಆಕ್ಷೇಪಣೆಯೆಂದು ಎಣಿಸುವುದುಂಟು. ಅದಕ್ಕಿಂತ ವೈದ್ಯರೊಬ್ಬರು, ರೈತರೊಬ್ಬರು, ಶಾಲೆಯ ಶಿಕ್ಷಕರೊಬ್ಬರು ತಮ್ಮ ತಮ್ಮ ಮಾತಲ್ಲಿ ಬರೆದ ಮೂರು ಪತ್ರ ಮೇಲು.

ರಾಜಕೀಯದ ಭಯ ನಿಮ್ಮದು ಸುಳ್ಳಲ್ಲ. ಪಕ್ಷದ ಹೆಸರೆತ್ತದೆ ಕಲಮಿನ ಬಗ್ಗೆ ಮಾತ್ರ ಮಾತಾಡುವುದು ಅದಕ್ಕಿರುವ ಅರ್ಧ ಮದ್ದು. ಉಳಿದರ್ಧ, ಲೆಕ್ಕ ಇಡುವುದು. ಅಮೆರಿಕದ ನಾರ್ತ್ ಕ್ಯಾರೊಲಿನಾದ ವಾರೆನ್ ಕೌಂಟಿಯಲ್ಲಿ 1982ರಲ್ಲಿ ವಿಷಮಣ್ಣು ಹೂಳುವುದರ ವಿರುದ್ಧ ಚಳವಳಿ ನಡೆಯಿತು, 500ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಆದರೂ ಮಣ್ಣನ್ನು ಅಲ್ಲೇ ಹೂತರು. ಆಮೇಲೆ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಎಂಬ ಅಲ್ಲಿನ ಪ್ರಾಟೆಸ್ಟೆಂಟ್ ಸಭೆ ಸುಮ್ಮನಾಗಲಿಲ್ಲ. ದೇಶದ ಅಪಾಯಕಾರಿ ತ್ಯಾಜ್ಯ ತಾಣಗಳ ಪಕ್ಕದಲ್ಲಿ ಯಾರು ವಾಸಿಸುತ್ತಾರೆ ಎಂದು ಲೆಕ್ಕ ಹಾಕಿಸಿ 1987ರಲ್ಲಿ ವರದಿ ಹೊರತಂದಿತು. ತಾಣ ಎಲ್ಲಿ ಬರುತ್ತದೆ ಎಂಬುದಕ್ಕೆ ಆದಾಯಕ್ಕಿಂತಲೂ ಜನಾಂಗವೇ ಬಲವಾದ ಸೂಚಕ ಎಂದು ಅದು ಹೇಳಿತು. ಇಂಥ ಒತ್ತಾಯಗಳ ಫಲವಾಗಿ 1994ರಲ್ಲಿ ಅಧ್ಯಕ್ಷ ಕ್ಲಿಂಟನ್ ಪರಿಸರ ನ್ಯಾಯದ, ಅಂದರೆ ಮಾಲಿನ್ಯದ ಹೊರೆ ಬಡವರ, ಅಲ್ಪಸಂಖ್ಯಾತರ ಮೇಲೆಯೇ ಬೀಳದಂತೆ ನೋಡುವ, ಆದೇಶಕ್ಕೆ ಸಹಿ ಮಾಡಿದರು. ಒಂದು ಸಹಿಯಿಂದ ಬಂದದ್ದು ಇನ್ನೊಂದು ಸಹಿಯಿಂದ, 2025ರ ಜನವರಿಯಲ್ಲಿ, ಹೋಯಿತು.

ಹಾಗೆಂದು ಶಾಸನಸಭೆಯ ಕಾಯಿದೆಯಾದರೆ ಭದ್ರ ಎನ್ನುವಂತಿಲ್ಲ. ಎಲ್ ಸಾಲ್ವಡಾರ್‌ನಲ್ಲಿ ಕ್ಯಾಥೊಲಿಕ್ ಸಭೆಯ ಬೆಂಬಲದಿಂದ 2017ರ ಮಾರ್ಚ್‌ನಲ್ಲಿ ಲೋಹದ ಗಣಿಗಾರಿಕೆಯನ್ನು ದೇಶದಲ್ಲೆಲ್ಲ ನಿಷೇಧಿಸಿದರು. ವಾದ ಸರಳವಾಗಿತ್ತು: ನೀರು ಕಡಿಮೆ, ಗಣಿಗೆ ಬಳಸುವ ಸಯನೈಡ್ ಅದನ್ನು ಸೇರಿದರೆ ಕುಡಿಯುವುದೇನು? 2024ರ ಡಿಸೆಂಬರ್‌ನಲ್ಲಿ ಅದೇ ಶಾಸನಸಭೆ ನಿಷೇಧವನ್ನು ರದ್ದುಮಾಡಿತು. ಬಿಷಪ್ಪರು ಮತ್ತೆ ಸಹಿ ಸಂಗ್ರಹಕ್ಕೆ ಇಳಿಯಬೇಕಾಯಿತು.

ಬಡವರ ಕೆಲಸ, ವಿದ್ಯುತ್ತು ಏನಾದೀತು ಎಂದು ಕೇಳುವ ಕ್ರೈಸ್ತರೂ ಇದ್ದಾರೆ. ಪರಿಸರ ಪಾಲನೆಯ ಬಗ್ಗೆ ಅಮೆರಿಕದ ಕೆಲವು ಧಾರ್ಮಿಕ ಮುಖಂಡರು 2000ದಲ್ಲಿ ಹೊರಡಿಸಿದ ಕಾರ್ನ್‌ವಾಲ್ ಘೋಷಣೆಯ ಮುಖ್ಯ ಕಾಳಜಿಗಳಲ್ಲಿ ಅದೂ ಒಂದು. ಅವರನ್ನು ತಳ್ಳಿಹಾಕಬೇಡಿ. ಘಟಕ ಬಂದರೆ ಕಸ ಆಯ್ದು ಬದುಕುವವರ ಕೂಳಿಗೇನು ಎಂಬ ಪ್ರಶ್ನೆ ನಿಮ್ಮ ಮನವಿಯಲ್ಲಿ ಇಲ್ಲವೇ ಇಲ್ಲ. ಅದನ್ನೂ ಸೇರಿಸಿ.

ಸಹಿ ಹಾಕಿ ಎಂದೇ ನನ್ನ ಮಾತು, ತಿದ್ದಿದ ಮೇಲೆ. ಅದಕ್ಕೆ ಮುಂಚೆ ಸಭೆಯ ಅಂಗಳದಲ್ಲಿ ಹಸಿ ಕಸ, ಒಣ ಕಸ ಬೇರೆಯಾಗುತ್ತಿದೆಯೇ ನೋಡಿ. ಪರವಾನಗಿಯ ವಿಚಾರಣೆಯಲ್ಲಿ ಎದುರಿನವರು ಮೊದಲು ಕೇಳುವುದು ಅದನ್ನೇ. ಪರವಾನಗಿ ಬಂದ ಮೇಲೆ ಮೂರು ತಿಂಗಳಿಗೊಮ್ಮೆ ಆ ಅಂಕಿಗಳನ್ನು ಓದುವ ಇಬ್ಬರ ಹೆಸರನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಆಕ್ಷೇಪಣೆಯ ಕೊನೆಯ ದಿನಾಂಕ ಯುವಕರ ಮನವಿಯಲ್ಲಿ ಎಲ್ಲೂ ಕಾಣಲಿಲ್ಲ. ಅದನ್ನು ಇಂದೇ ವಿಚಾರಿಸಿ.

– ಸಂ.