ಮಗಳು ಮಂಗಳೂರಿನಲ್ಲಿ ಒಂಬತ್ತನೇ ಕ್ಲಾಸು. ಶಾಲೆಯ ಕ್ವಾಯರ್ (ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಾಡುವ ಗಾಯನ ತಂಡ) ಆಡಿಷನ್‌ನಲ್ಲಿ ಏನು ನೋಡುತ್ತಾರೆ?

ಕಂಠಕ್ಕಿಂತ ಕಿವಿಯನ್ನೇ ಜಾಸ್ತಿ ನೋಡುತ್ತಾರೆ. ಕೀಬೋರ್ಡಿನಲ್ಲಿ ಒಂದು ಸ್ವರ ಒತ್ತಿ, ಅದನ್ನೇ ಹಾಡು ಅನ್ನುತ್ತಾರೆ. ಆಮೇಲೆ ಒಂದೊಂದೇ ಸ್ವರ ಏರಿಸಿ, ಇಳಿಸಿ, ಕಂಠ ಎಲ್ಲಿವರೆಗೆ ಆರಾಮಾಗಿ ಹೋಗುತ್ತದೆ ಎಂದು ಬರೆದುಕೊಳ್ಳುತ್ತಾರೆ. ಹುಡುಗಿಯರಲ್ಲಿ ಎತ್ತರದ ಕಂಠ ಸೊಪ್ರಾನೊಗೆ, ತಗ್ಗಿನದು ಆಲ್ಟೊಗೆ. ಹುಡುಗರದ್ದು ಕಂಠ ಒಡೆಯುವ ವಯಸ್ಸು ಅಲ್ವಾ, ಹಾಗಾಗಿ ಅವರ ಜಾಗ ವರ್ಷ ವರ್ಷ ಬದಲಾಗುತ್ತದೆ.

ನಿಜವಾದ ಕಷ್ಟ ಇರುವುದು ಪಕ್ಕದವರು ಬೇರೆ ಸ್ವರ ಹಾಡುವಾಗ ತನ್ನದನ್ನು ಬಿಡದೆ ಹಿಡಿಯುವುದರಲ್ಲಿ. ನಾನು ಆಲ್ಟೊ ಹಾಡಲು ಹೋಗಿ ಎರಡನೇ ಸಾಲಿಗೇ ಸೊಪ್ರಾನೊಗೆ ಜಾರಿದ್ದೆ! ಮನೆಯಲ್ಲಿ ಮೊಬೈಲಿನಲ್ಲಿ ಮೇಲಿನ ಸ್ವರ ಜೋರಾಗಿ ಹಾಕಿ, ಅದರ ಜೊತೆ ಅವಳು ಕೆಳಗಿನದನ್ನು ಹಾಡಲಿ. ಕರ್ನಾಟಕ ಸಂಗೀತ ಕಲಿತಿದ್ದರೆ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಹಾಡುವುದು, ಬೇಡ. ಇಲ್ಲಿ ಸ್ವರ ಅಲುಗಾಡದೆ ನೆಟ್ಟಗೆ ನಿಲ್ಲಬೇಕು.

ಸ್ಪರ್ಧೆ ಬೇಕಿದ್ದರೆ ಡಿಸೆಂಬರಿನಲ್ಲಿ ಊರಲ್ಲೇ ಕ್ಯಾರಲ್ (ಕ್ರಿಸ್‌ಮಸ್ ಹಾಡು) ಸ್ಪರ್ಧೆಗಳು ನಡೆಯುತ್ತವೆ. ದೇಶಭಕ್ತಿ ಗೀತೆಗೆ ಭಾರತ ವಿಕಾಸ ಪರಿಷತ್ತಿನ ಸಮೂಹ ಗಾನ ಸ್ಪರ್ಧೆ ಇದೆ. ಒಬ್ಬಳೇ ಹಾಡುವುದಾದರೆ ಪ್ರತಿಭಾ ಕಾರಂಜಿ. ಅದು ಕ್ಲಸ್ಟರ್, ತಾಲೂಕು, ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಹೋಗುತ್ತದೆ. ಆಡಿಷನ್ ದಿನ ಬೆಳಿಗ್ಗೆ ಐಸ್‌ಕ್ರೀಮ್ ಮಾತ್ರ ಕೊಡಿಸಬೇಡಿ.