ಸಂಪಾದಕರ ಉತ್ತರ: ಟೈರಿನ ಮೇಲಿನ ಗೆರೆಗಳಿಗೆ ರಕ್ಷಣೆ ಉಂಟೇ?

ಹುಬ್ಬಳ್ಳಿಯ ಸಮೀಪದಲ್ಲಿ ಸವೆದ ಲಾರಿ ಟೈರುಗಳಿಗೆ ಅಂಟಿಸುವ ಟ್ರೆಡ್ (ನೆಲಕ್ಕೆ ತಾಗುವ, ಗೆರೆಗಳಿರುವ ಮೇಲ್ಮೈ) ರಬ್ಬರ್ ಪಟ್ಟಿಗಳನ್ನು ತಯಾರಿಸುವ ಓದುಗರೊಬ್ಬರು ನಮಗೆ ಬರೆದಿದ್ದಾರೆ. ಅವರ ಮಗ ಹೊಸದೊಂದು ಟ್ರೆಡ್ ವಿನ್ಯಾಸ ರೂಪಿಸಿದ್ದು, ಮಳೆಯಲ್ಲಿಯೂ ಅದರ ಗ್ರಿಪ್ ಚೆನ್ನಾಗಿದೆಯಂತೆ. ಬೇರೆಯವರು ನಕಲು ಮಾಡದಂತೆ ಅದಕ್ಕೆ ಪೇಟೆಂಟ್ ಸಿಗುವುದೇ, ಜೊತೆಗಿಟ್ಟ ಫೋಟೋವನ್ನು ಪತ್ರಿಕೆಯಲ್ಲಿ ಪ್ರಕಟಿಸಬಹುದೇ ಎಂದು ಕೇಳಿದ್ದಾರೆ.

ಮಾನ್ಯರೇ,

ತಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇವೆ. ಫೋಟೋವನ್ನು ನಾವು ಅಚ್ಚಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಗೆರೆಗಳ ರೂಪಕ್ಕೆ ರಕ್ಷಣೆ ಸಿಗುವುದು ಪೇಟೆಂಟಿನಿಂದಲ್ಲ, ವಿನ್ಯಾಸದ ನೋಂದಣಿಯಿಂದ. ಅರ್ಜಿ ಸಲ್ಲಿಸುವ ದಿನಕ್ಕೆ ಮೊದಲೇ ಭಾರತದಲ್ಲಾಗಲಿ ಬೇರೆ ದೇಶದಲ್ಲಾಗಲಿ, ಪ್ರಕಟಣೆಯಿಂದಲೋ ಬಳಕೆಯಿಂದಲೋ ಸಾರ್ವಜನಿಕರಿಗೆ ಗೊತ್ತಾಗಿಹೋದ ವಿನ್ಯಾಸವನ್ನು ನೋಂದಾಯಿಸಲು 2000ದ ವಿನ್ಯಾಸ ಕಾಯ್ದೆಯ 4ನೆಯ ಸೆಕ್ಷನ್ ಅವಕಾಶ ಕೊಡುವುದಿಲ್ಲ. ನಂಬಿಕೆಯ ಮೇಲೆ ಒಬ್ಬರಿಗೆ ತೋರಿಸಿದ್ದನ್ನು ಕಾಯ್ದೆ ಬಹಿರಂಗವೆಂದು ಎಣಿಸದು. ಆದರೆ ನಮ್ಮ ಒಂದು ಪುಟದಲ್ಲಿ ಅದು ಅಚ್ಚಾದರೆ ನಿಮ್ಮ ಹಕ್ಕಿಗೆ ನಾವೇ ಕಲ್ಲು ಹಾಕಿದಂತೆ. ಇನ್ನೂ ಮಾರಾಟ ಆರಂಭಿಸಿಲ್ಲವೆಂದು ಬರೆದಿದ್ದೀರಿ. ಅರ್ಜಿ ಹೋಗುವವರೆಗೆ ಡೀಲರುಗಳ ವಾಟ್ಸಾಪ್ ಗುಂಪಿಗೂ ಅದನ್ನು ಕಳಿಸಬೇಡಿ.

ಇನ್ನು ಮೊದಲನೆಯ ಪ್ರಶ್ನೆ. ತಮ್ಮ ಪತ್ರದ ಬಹುಭಾಗ ಗ್ರಿಪ್‌ನ ವರ್ಣನೆಗೆ ಹೋಗಿದೆ. ವಿನ್ಯಾಸದ ಅರ್ಜಿಯಲ್ಲಿ ಅದರ ಒಂದು ಸಾಲೂ ಬೇಡ. ಸಿದ್ಧವಾದ ವಸ್ತುವಿನಲ್ಲಿ ಕಣ್ಣಿಗೆ ಕಾಣುವ, ಕಣ್ಣಿನಿಂದಲೇ ತೀರ್ಮಾನಿಸಬಹುದಾದ ಆಕಾರ, ರೇಖೆ, ಅಲಂಕಾರಗಳಿಗಷ್ಟೇ ಈ ಕಾಯ್ದೆಯ ರಕ್ಷಣೆ. ತಯಾರಿಕೆಯ ತತ್ತ್ವವನ್ನೂ ಯಾಂತ್ರಿಕ ಸಾಧನವನ್ನೂ ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ನೀರನ್ನು ಹೊರದಬ್ಬುವ ಹೊಸ ಉಪಾಯವನ್ನೇ ತಮ್ಮ ಮಗ ಕಂಡುಹಿಡಿದಿದ್ದರೆ ಅದು ಪೇಟೆಂಟ್ ಕಾಯ್ದೆಗೆ ಸೇರಿದ ಬೇರೆಯೇ ಅರ್ಜಿಯಾಗುತ್ತದೆ.

ಟೈರಿನ ಗೆರೆಗಳೆಲ್ಲ ಕೆಲಸಕ್ಕಾಗಿಯೇ ಇರುವಾಗ ಅಲಂಕಾರ ಎಲ್ಲಿಂದ ಬಂತು ಎಂಬ ಆಕ್ಷೇಪ ಸಹಜವಾದದ್ದು, ಎದುರು ಪಕ್ಷದ ವಕೀಲರು ಮೊದಲು ಎತ್ತುವುದೂ ಅದನ್ನೇ. ಟ್ರೆಡ್ ನಕಲಿನ ಬಗ್ಗೆ ಅಪೋಲೊ ಟೈರ್ಸ್ ಸಂಸ್ಥೆ ಪಯನೀರ್ ಟ್ರೇಡಿಂಗ್ ಕಾರ್ಪೊರೇಷನ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2017ರಲ್ಲಿ ಇದನ್ನು ಪರಿಶೀಲಿಸಿತು. ಟೈರಿಗೆ ಟ್ರೆಡ್ ಬೇಕೇಬೇಕು, ಆದರೆ ಅದನ್ನು ಲೆಕ್ಕವಿಲ್ಲದಷ್ಟು ಬಗೆಯಲ್ಲಿ ರೂಪಿಸಬಹುದಾದ್ದರಿಂದ ಒಬ್ಬ ತಯಾರಕ ಆಯ್ದುಕೊಂಡ ನಿರ್ದಿಷ್ಟ ರೂಪ ಅವನದೇ ಗುರುತಾಗಬಲ್ಲದು ಎಂಬುದು ನ್ಯಾಯಾಲಯದ ನಿಲುವು. ನಮಗೂ ಇದು ಸರಿಯೆನಿಸುತ್ತದೆ. ಲಾರಿಯ ಮುಂದಿನ ಚಕ್ರದ ನೇರ ಗೆರೆಗಳಾಗಲಿ ಟ್ರ್ಯಾಕ್ಟರಿನ ಹಿಂಚಕ್ರದ ಓರೆ ದಿಂಡುಗಳಾಗಲಿ ಇಂದು ಯಾರೊಬ್ಬರ ಸ್ವತ್ತೂ ಅಲ್ಲ. ತಮ್ಮ ಪಟ್ಟಿಯಲ್ಲಿ ಅವುಗಳಿಂದ ಎದ್ದು ಕಾಣುವಂತೆ ಬೇರೆಯಾದದ್ದು ಎಷ್ಟಿದೆಯೋ ಅಷ್ಟೇ ತಮ್ಮದು. ಅದೇನೆಂದು ಇಲ್ಲಿ ವರ್ಣಿಸಿದರೆ ಫೋಟೋ ಹಾಕದೆಯೂ ಪ್ರಕಟಿಸಿದಂತಾಗುವುದರಿಂದ ಮುಂದೆ ಹೋಗುವುದಿಲ್ಲ.

ಅರ್ಜಿಯಲ್ಲಿ ವಸ್ತುವಿನ ಹೆಸರನ್ನು ಎಚ್ಚರದಿಂದ ಬರೆಯಿರಿ. ಬಿಡಿಯಾಗಿ ತಯಾರಾಗಿ ಮಾರಾಟವಾಗಬಲ್ಲ ಭಾಗವೂ ಕಾಯ್ದೆಯ ದೃಷ್ಟಿಯಲ್ಲಿ ವಸ್ತುವೇ. ಟೈರ್ ಕಂಪನಿಗೆ ಟ್ರೆಡ್ಡು ಟೈರಿನ ಒಂದು ಲಕ್ಷಣ, ತಮಗಾದರೋ ಪಟ್ಟಿಯೇ ಮಾರುವ ಸರಕು. ಚಿತ್ರದಲ್ಲಿ ವಿನ್ಯಾಸ ಮರುಕಳಿಸುವುದು ಕಾಣುವಷ್ಟು ಉದ್ದದ ಪಟ್ಟಿ ಇರಲಿ. ಪಟ್ಟಿಯ ಮೇಲೆ ಅಚ್ಚಿನಿಂದ ಮೂಡುವ ಹೆಸರು, ಅಳತೆ, ಅಂಕಿಗಳ ಮೇಲೆ ಹಕ್ಕು ಕೇಳುತ್ತಿಲ್ಲವೆಂದೂ, ಹೊಸತನವಿರುವುದು ಚಿತ್ರದಲ್ಲಿ ತೋರಿಸಿದ ಮೇಲ್ಮೈ ವಿನ್ಯಾಸದಲ್ಲೆಂದೂ ನಮೂದಿಸಿ.

ನೋಂದಣಿಯಾದ ಮಾತ್ರಕ್ಕೆ ಹೋಲುವುದೆಲ್ಲ ನಕಲಾಗುವುದಿಲ್ಲ. ಗುಡ್‌ಇಯರ್ ಸಂಸ್ಥೆ ಹರ್ಕ್ಯುಲಿಸ್ ಸಂಸ್ಥೆಯ ವಿರುದ್ಧ ಹೂಡಿದ್ದ ಲಾರಿ ಟೈರ್ ವ್ಯಾಜ್ಯದಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ 1998ರಲ್ಲಿ, ಎರಡನ್ನೂ ಹೋಲಿಸಿ ನೋಡಬೇಕಾದದ್ದು ಅಂಥ ಟೈರು ಕೊಳ್ಳುವ ಲಾರಿ ಚಾಲಕರ ಮತ್ತು ಸಾಗಣೆದಾರರ ಕಣ್ಣಿನಿಂದ ಎಂದು ಹೇಳಿ, ಉಲ್ಲಂಘನೆಯಾಗಿಲ್ಲವೆಂಬ ತೀರ್ಪನ್ನು ಎತ್ತಿಹಿಡಿಯಿತು.

ಚಿತ್ರ ಬರೆದವನಿಗೆ ಕೃತಿಸ್ವಾಮ್ಯ (ಕಾಪಿರೈಟ್) ಇದ್ದೇ ಇದೆಯಲ್ಲ ಎಂದು ಯಾರಾದರೂ ಧೈರ್ಯ ಹೇಳಿದರೆ ನೆಚ್ಚಬೇಡಿ. ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಅದರ ಒಡೆಯ 50ಕ್ಕಿಂತ ಹೆಚ್ಚು ಬಾರಿ ಕೈಗಾರಿಕಾ ವಿಧಾನದಿಂದ ತಯಾರಿಸಿದ ಕ್ಷಣವೇ ಆ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ನೋಂದಣಿಯ ಅವಧಿ 10 ವರ್ಷ, ಮತ್ತೆ 5 ವರ್ಷಕ್ಕೆ ವಿಸ್ತರಿಸಿಕೊಳ್ಳಬಹುದು. ನಕಲಿಗೆ ಪ್ರತಿ ಉಲ್ಲಂಘನೆಗೆ 25,000 ರೂಪಾಯಿಯವರೆಗೆ, ಒಂದು ವಿನ್ಯಾಸಕ್ಕೆ ಒಟ್ಟು 50,000 ಮೀರದಂತೆ ವಸೂಲಿಗೆ ಅವಕಾಶವಿದೆ. ದೊಡ್ಡ ನಕಲುಗಾರನಿಗೆ ಇದು ಲೆಕ್ಕಕ್ಕೇ ಇಲ್ಲದ ಮೊತ್ತ. ಆದ್ದರಿಂದ ಅದರ ಬದಲು ಜಿಲ್ಲಾ ನ್ಯಾಯಾಲಯದಲ್ಲಿ ನಷ್ಟಪರಿಹಾರ ಮತ್ತು ತಡೆಯಾಜ್ಞೆ ಕೇಳುವುದೇ ಮೇಲು.

ಕೊನೆಯದಾಗಿ, ಅರ್ಜಿ ಯಾರ ಹೆಸರಿನಲ್ಲಿ? ವಿನ್ಯಾಸ ರೂಪಿಸಿದವನೇ ಅದರ ಒಡೆಯ. ಪ್ರತಿಫಲ ಪಡೆದು ಬೇರೊಬ್ಬರಿಗಾಗಿ ರೂಪಿಸಿದ್ದರೆ ಮಾತ್ರ ಒಡೆತನ ಅವರದು. ತಮ್ಮ ಮಗ ಕಾರ್ಖಾನೆಯಿಂದ ಸಂಬಳ ಪಡೆಯುತ್ತಿಲ್ಲವೆಂದು ಪತ್ರದಿಂದ ತಿಳಿಯುತ್ತದೆ. ಹಾಗಿದ್ದರೆ ಅರ್ಜಿಯನ್ನು ಅವರ ಹೆಸರಿನಲ್ಲೇ ಹಾಕಿಸಿ, ಇಲ್ಲವೇ ಅವರಿಂದ ಕಾರ್ಖಾನೆಗೆ ಹಕ್ಕು ವರ್ಗಾವಣೆಯ ಪತ್ರವನ್ನು ಅರ್ಜಿಗೆ ಮುಂಚೆಯೇ ಬರೆಸಿಕೊಳ್ಳಿ.