ಗಂಡು ಶಿಹ್ ತ್ಸು ಮರಿಗೆ ಆಪರೇಷನ್ ಯಾವಾಗ ಮಾಡಿಸಬೇಕು?

ನೀವು ಮುಂಬೈ ಹತ್ತಿರದ ಠಾಣೆ ಊರಿನಿಂದ ಕೇಳಿದ್ದೀರಿ. ಮನೆಯಲ್ಲಿ ಐದು ತಿಂಗಳ ಗಂಡು ಶಿಹ್ ತ್ಸು ನಾಯಿಮರಿ ಇದೆ. ಡಾಕ್ಟರು ಆರು ತಿಂಗಳು ತುಂಬಿದ ಕೂಡಲೇ ಬೀಜ ತೆಗೆಸಿಬಿಡಿ ಅಂದಿದ್ದಾರೆ. ಮರಿ ಕೊಟ್ಟವರು ಒಂದೂವರೆ ವರ್ಷದವರೆಗೆ ಮುಟ್ಟಲೇಬೇಡಿ ಅಂತಾರೆ. ನಿಮ್ಮ ಅತ್ತೆಯವರಿಗೆ ಆಪರೇಷನ್ನೇ ಇಷ್ಟವಿಲ್ಲ. ಮರಿ ಆಗಲೇ ದಿಂಬು ಹತ್ತುತ್ತಿದೆ, ಲಿಫ್ಟಿನ ಮೂಲೆಯಲ್ಲಿ ಕಾಲೆತ್ತುತ್ತಿದೆ. ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ.

ನಾನು ಡೊಂಬಿವಲಿಯವಳು. ಡಾಕ್ಟರಲ್ಲ. ಎರಡು ಗಂಡು ಪಾಮೇರಿಯನ್‌ಗಳನ್ನು ಸಾಕಿದ್ದೇನೆ. ಮೊದಲನೆಯವನು ಟೈಗರ್, ಅವನಿಗೆ ಆಪರೇಷನ್ ಮಾಡಿಸಲಿಲ್ಲ, ಅದರಿಂದಲೇ ಅವನನ್ನು ಕಳೆದುಕೊಂಡೆ. ಎರಡನೆಯವನು ಗುಂಡ, ಅವನಿಗೆ ಎಂಟು ತಿಂಗಳಿಗೆ ಮಾಡಿಸಿದೆ. ನಿಮ್ಮ ಮರಿಗೂ ಏಳರಿಂದ ಒಂಬತ್ತು ತಿಂಗಳ ನಡುವೆ ಮಾಡಿಸಿ ಅಂತಲೇ ಹೇಳುತ್ತೇನೆ. ಆದರೆ ತಾರೀಖು ಗೊತ್ತುಮಾಡುವ ಮೊದಲು ಮರಿಯ ಮೈಯಲ್ಲಿ ಮೂರು ಕಡೆ ನೋಡಬೇಕು: ಬೀಜ, ಬಾಯಿ, ರಕ್ತ. ಯಾವಾಗ ಅಂತ ಹೇಳುವುದು ಅವೇ.

ಮೊದಲು ಬೀಜ. ಗಂಡುಮರಿ ಹುಟ್ಟುವಾಗ ಬೀಜಗಳು ಹೊಟ್ಟೆಯೊಳಗೆ ಇರುತ್ತವೆ. ಸುಮಾರು ಎರಡು ತಿಂಗಳ ಹೊತ್ತಿಗೆ ಕೆಳಗೆ ಚೀಲಕ್ಕೆ ಇಳಿಯುತ್ತವೆ. ಕೆಲವಕ್ಕೆ ಸ್ವಲ್ಪ ತಡವಾಗುತ್ತದೆ. ಆರು ತಿಂಗಳಾದರೂ ಇಳಿಯದಿದ್ದರೆ ಇನ್ನು ಇಳಿಯುವುದಿಲ್ಲ ಅಂತಲೇ ಲೆಕ್ಕ. ಸಣ್ಣ ಜಾತಿಗಳಲ್ಲಿ ಈ ತೊಂದರೆ ಜಾಸ್ತಿ. ಮರಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಹಿಂಗಾಲುಗಳ ಮಧ್ಯೆ ಮೆಲ್ಲಗೆ ಬೆರಳಾಡಿಸಿ. ಕಡಲೆಕಾಳಿನಷ್ಟೋ ಅದಕ್ಕಿಂತ ತುಸು ದೊಡ್ಡದೋ ಎರಡು ಸಿಗಬೇಕು. ಒಂದೇ ಸಿಕ್ಕರೆ ಇನ್ನೊಂದು ತೊಡೆಸಂದಿನಲ್ಲಿ ಚರ್ಮದ ಕೆಳಗೋ ಹೊಟ್ಟೆಯೊಳಗೋ ಉಳಿದಿದೆ ಅಂತ ಅರ್ಥ.

ನಮ್ಮ ಟೈಗರ್‌ಗೆ ಹೊರಗೆ ಒಂದೇ ಇತ್ತು. ನಮಗೆ ಗೊತ್ತೂ ಇತ್ತು. "ಒಂದಿದ್ದರೂ ಗಂಡೇ ಅಲ್ವಾ" ಅಂತ ಅಪ್ಪ ಅಂದರು, ನಾನೂ ಸುಮ್ಮನಾದೆ. ಲಸಿಕೆಗೆ ಹೋದಾಗ ಕೇಳಬೇಕಿತ್ತು, ಕೇಳಲಿಲ್ಲ. ಅವರೂ ಕೈಯಿಟ್ಟು ನೋಡಲಿಲ್ಲ. ಒಂಬತ್ತನೇ ವರ್ಷದಲ್ಲಿ ಅವನ ಎರಡೂ ಪಕ್ಕೆಗಳ ಕೂದಲು ಒಂದೇ ಸಮನೆ ಉದುರತೊಡಗಿತು. ಶಾಂಪೂ ಬದಲಿಸಿದೆವು, ಎಣ್ಣೆ ಹಚ್ಚಿದೆವು. ಆಮೇಲೆ ಮೊಲೆತೊಟ್ಟುಗಳು ಊದಿಕೊಂಡವು. ಕೆಳಗೆ ವಾಕಿಂಗ್ ಹೋದರೆ ಬೇರೆ ಗಂಡುನಾಯಿಗಳು ಇವನ ಹಿಂದೆ ಬೀಳುತ್ತಿದ್ದವು. ಸ್ಕ್ಯಾನ್ ಮಾಡಿಸಿದಾಗ, ಹೊಟ್ಟೆಯೊಳಗೆ ಉಳಿದಿದ್ದ ಬೀಜ ನಿಂಬೆಹಣ್ಣಿನಷ್ಟು ಬೆಳೆದು ಗೆಡ್ಡೆಯಾಗಿತ್ತು. ಇಂಥ ಗೆಡ್ಡೆಗಳಲ್ಲಿ ಕೆಲವು ಹೆಣ್ಣು ಹಾರ್ಮೋನ್ ಸುರಿಸುತ್ತವಂತೆ. ಅದು ಎಲುಬಿನ ಮಜ್ಜೆಯನ್ನು ಕೆಡಿಸಿ, ರಕ್ತ ಹುಟ್ಟುವುದನ್ನೇ ನಿಲ್ಲಿಸುತ್ತದೆ. ಆಪರೇಷನ್ ಸರಿಯಾಗಿಯೇ ಆಯಿತು. ಆದರೆ ರಕ್ತ ತಿರುಗಿ ಏರಲೇ ಇಲ್ಲ. ಮೂರು ವಾರಕ್ಕೆ ಹೋದ. ಒಸಡು ಕಾಗದದ ಹಾಗೆ ಬೆಳ್ಳಗಾಗಿತ್ತು.

ಅದಕ್ಕೇ ಹೇಳುತ್ತೇನೆ, ನಿಮ್ಮ ಮರಿಗೆ ಒಂದೇ ಬೀಜ ಸಿಕ್ಕರೆ "ಮಾಡಿಸಲೋ ಬೇಡವೋ" ಅನ್ನುವ ಮಾತೇ ಇಲ್ಲ. ಒಳಗೆ ಉಳಿದದ್ದು ಗೆಡ್ಡೆಯಾಗುವ ಸಾಧ್ಯತೆ ಹೊರಗಿರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹೊರಗಿನದನ್ನು ಮಾತ್ರ ತೆಗೆದು ಒಳಗಿನದನ್ನು ಬಿಡುವುದಂತೂ ತಪ್ಪೇ ತಪ್ಪು. ಎರಡನ್ನೂ ತೆಗೆಸಬೇಕು. ಇದು ತಲೆಮಾರಿಗೆ ಹರಿಯುವ ದೋಷ, ಹಾಗಾಗಿ ಅಂಥ ನಾಯಿಯಿಂದ ಮರಿ ಹಾಕಿಸಲೂಬಾರದು.

ಎರಡನೆಯದು ಬಾಯಿ. ಬೀಜಕ್ಕೂ ಬಾಯಿಗೂ ಏನು ಸಂಬಂಧ ಅಂತ ನಿಮಗನ್ನಿಸಬಹುದು. ಸಣ್ಣ ಜಾತಿಯ ಮರಿಗಳಲ್ಲಿ ಹಾಲುಹಲ್ಲು ಬೀಳದೆ ಉಳಿಯುವುದು ತುಂಬಾ ಸಾಮಾನ್ಯ, ಅದರಲ್ಲೂ ಕೋರೆಹಲ್ಲು. ಐದು ಆರು ತಿಂಗಳ ಹೊತ್ತಿಗೆ ಹೊಸ ಕೋರೆ ಮೇಲೆ ಬರುತ್ತದೆ, ಹಳೆಯದು ಜಾಗ ಬಿಡುವುದಿಲ್ಲ. ಗುಂಡನಿಗೆ ಏಳು ತಿಂಗಳಿದ್ದಾಗ ಕಿಟಕಿಯ ಬೆಳಕಿಗೆ ಕೂರಿಸಿಕೊಂಡು ತುಟಿ ಎತ್ತಿ ನೋಡಿದೆ. ಮೇಲಿನ ಸಾಲಿನಲ್ಲಿ ಎರಡೂ ಕಡೆ ಜೋಡಿ ಕೋರೆ! ಒಂದು ದಪ್ಪ, ಹೊಸದು. ಅದರ ಬೆನ್ನಿಗೆ ಸೂಜಿಯ ಹಾಗೆ ತೆಳ್ಳಗೆ ಹಳೆಯದು. ಎರಡರ ಸಂದಿಯಲ್ಲಿ ಅನ್ನದ ಅಗುಳು, ಕೂದಲು, ಹಳದಿ ಪಾಚಿ. ಮೂಸಿದರೆ ವಾಸನೆ. ಹಾಗೇ ಬಿಟ್ಟರೆ ಹೊಸ ಹಲ್ಲು ಸೊಟ್ಟ ಕೂರುತ್ತದೆ, ಒಸಡು ಕೆಡುತ್ತದೆ. ಅದನ್ನು ಕೀಳಲು ಹೇಗೂ ಪೂರ್ತಿ ಅರಿವಳಿಕೆ ಕೊಡಬೇಕು. ಐದಾರು ಕಿಲೋ ತೂಗುವ ಜೀವಕ್ಕೆ ಎರಡು ಸಲ ಅರಿವಳಿಕೆ ಯಾಕೆ? ಬೀಜದ ಆಪರೇಷನ್ ಮತ್ತು ಹಲ್ಲು ಒಂದೇ ಸಲ ಮುಗಿಸಬಹುದು. ನಾನು ಆರು ತಿಂಗಳಿಗೆ ಓಡದೆ ಏಳೆಂಟು ತಿಂಗಳು ಅನ್ನುವುದಕ್ಕೆ ಇದೇ ದೊಡ್ಡ ಕಾರಣ. ಆ ಹೊತ್ತಿಗೆ ಯಾವ ಹಲ್ಲು ತಾನಾಗಿ ಬೀಳುತ್ತದೆ, ಯಾವುದು ಬೀಳುವುದಿಲ್ಲ ಎನ್ನುವುದು ಗೊತ್ತಾಗಿರುತ್ತದೆ. ಹೊಕ್ಕುಳಲ್ಲಿ ಮೆತ್ತಗೆ ಗುಬುಟು ಇದ್ದರೆ ಅದನ್ನೂ ತೋರಿಸಿ. ಹರ್ನಿಯಾ ಆಗಿದ್ದರೆ ಅದೇ ಹೊತ್ತಿಗೆ ಹೊಲಿಯುತ್ತಾರೆ.

ಮೂರನೆಯದು ರಕ್ತ. ಮುಂಬೈ ಕಡೆಯವರು ಇದನ್ನು ಬಿಡಲೇಬಾರದು. ಇಲ್ಲಿ ಮಳೆಗಾಲದಲ್ಲಿ ರಕ್ತ ಹೀರುವ ಉಣ್ಣೆ ಹುಳದ ಕಾಟ ಎಷ್ಟಂತ ನಿಮಗೆ ಗೊತ್ತೇ ಇದೆ. ಅದು ಹರಡುವ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಪ್ಲೇಟ್‌ಲೆಟ್ ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಎಷ್ಟೋ ಸಲ ಮರಿ ಚೆನ್ನಾಗಿಯೇ ತಿಂದು ಓಡಾಡಿಕೊಂಡಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಗುಂಡನನ್ನು ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ "ಚಿಕ್ಕ ಮರಿ, ರಕ್ತ ಪರೀಕ್ಷೆ ಬೇಡ, ನಾಳೆ ಬೆಳಿಗ್ಗೆ ಕರೆತನ್ನಿ" ಅಂದರು. ನನಗೆ ಟೈಗರ್ ನೆನಪಾಗಿ ಮನಸ್ಸು ಒಪ್ಪಲಿಲ್ಲ. ಬೇರೆ ಕಡೆ ಪರೀಕ್ಷೆ ಮಾಡಿಸಿದೆ. ಆರೋಗ್ಯವಾಗಿರುವ ನಾಯಿಗೆ ಪ್ಲೇಟ್‌ಲೆಟ್ ಸುಮಾರು ಎರಡು ಲಕ್ಷದ ಮೇಲಿರಬೇಕು. ಅವನದು ಅರವತ್ತು ಸಾವಿರ. ಮರುದಿನ ಕತ್ತಿ ಹಾಕಿದ್ದರೆ ಏನಾಗುತ್ತಿತ್ತೋ. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಕೊಟ್ಟು, ಮತ್ತೆ ಪರೀಕ್ಷೆ ಮಾಡಿಸಿ, ಸರಿಯಾಗಿದೆ ಅಂತ ಕಂಡ ಮೇಲೇ ಆಪರೇಷನ್. ಅಷ್ಟರಲ್ಲಿ ಎಂಟು ತಿಂಗಳಾಗಿತ್ತು.

ಇನ್ನು ಮರಿ ಕೊಟ್ಟವರು ಹೇಳಿದ ಒಂದೂವರೆ ವರ್ಷದ ಮಾತು. ಅದು ಸುಳ್ಳಲ್ಲ, ಆದರೆ ನಿಮ್ಮ ಮರಿಗೆ ಹೊಂದುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್ ಥರದ ದೊಡ್ಡ ನಾಯಿಗಳ ಎಲುಬು ಬೆಳೆದು ಮುಗಿಯಲು ತುಂಬಾ ಕಾಲ ಬೇಕು. ಬೇಗ ಬೀಜ ತೆಗೆದರೆ ಗಂಡು ಹಾರ್ಮೋನ್ ಇಲ್ಲದೆ ಕೀಲುಗಳಿಗೆ ತೊಂದರೆ ಜಾಸ್ತಿ. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2020ರಲ್ಲಿ 35 ನಾಯಿ ಜಾತಿಗಳ ಲೆಕ್ಕ ತೆಗೆದು ನೋಡಿದರು. ದೊಡ್ಡ ಜಾತಿಗಳಲ್ಲಿ ಕಂಡ ಕೀಲಿನ ತೊಂದರೆ ಸಣ್ಣವುಗಳಲ್ಲಿ ಹಾಗೆ ಹೆಚ್ಚಾಗಿರಲಿಲ್ಲ. ಅದೇ ಅಧ್ಯಯನದಲ್ಲಿ ಶಿಹ್ ತ್ಸು ಹೆಸರಿನ ಪಕ್ಕ ಕ್ಯಾನ್ಸರ್ ಅಂತ ಓದಿ ಗಾಬರಿಯಾಗಬೇಡಿ, ಅದು ಹೆಣ್ಣುಗಳ ವಿಷಯ. ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಸಣ್ಣ ಗಂಡುಗಳಿಗೆ ಆರು ತಿಂಗಳು, ದೊಡ್ಡವಕ್ಕೆ ಒಂಬತ್ತರಿಂದ ಹದಿನೈದು ತಿಂಗಳು ಅನ್ನುತ್ತದೆ. ಅಂದರೆ ನಿಮ್ಮ ಡಾಕ್ಟರು ಹೇಳಿದ್ದೂ ತಪ್ಪಲ್ಲ. ಸಣ್ಣ ಜಾತಿಯಾದರೂ ಡ್ಯಾಶ್‌ಹೌಂಡ್ ಇದ್ದಿದ್ದರೆ ನಾನೇ ಒಂದು ವರ್ಷ ಕಾಯಿರಿ ಅನ್ನುತ್ತಿದ್ದೆ, ಅವಕ್ಕೆ ಬೆನ್ನೆಲುಬಿನ ಡಿಸ್ಕ್ ಜಾರುವ ಭಯವಿದೆ.

ದಿಂಬು ಹತ್ತುವುದಕ್ಕಂತೂ ಆಪರೇಷನ್ ಮಾಡಿಸಬೇಡಿ. ಐದು ತಿಂಗಳಲ್ಲಿ ಅದು ಬಹಳ ಮಟ್ಟಿಗೆ ಆಟ, ಉತ್ಸಾಹ. ಗಮನ ಬೇರೆ ಕಡೆ ತಿರುಗಿಸಿದರೆ ಸಾಕು. ಲಿಫ್ಟಿನಲ್ಲಿ ಕಾಲೆತ್ತುವುದು ಆಪರೇಷನ್ ಆದ ಮೇಲೆ ಎಷ್ಟೋ ನಾಯಿಗಳಲ್ಲಿ ಕಡಿಮೆಯಾಗುತ್ತದೆ, ಎಲ್ಲದರಲ್ಲೂ ಅಲ್ಲ. ಬೆದೆಗೆ ಬಂದ ಹೆಣ್ಣಿನ ವಾಸನೆ ಹಿಡಿದು ಗೇಟು ದಾಟಿ ಓಡುವುದು ಮಾತ್ರ ಚೆನ್ನಾಗಿಯೇ ತಗ್ಗುತ್ತದೆ. ನಮ್ಮ ರಸ್ತೆಗಳಲ್ಲಿ ಅಷ್ಟು ಪುಟ್ಟ ನಾಯಿ ಓಡಿಹೋದರೆ ಏನಾಗಬಹುದು ಅಂತ ನಾನು ಹೇಳಬೇಕಾಗಿಲ್ಲ. ಒಂದು ವಿಷಯಕ್ಕೆ ಮಾತ್ರ ತಡೆಯಿರಿ: ನಿಮ್ಮ ಮರಿ ಅಂಜುಬುರುಕನೇ? ಅಪರಿಚಿತರನ್ನು ಕಂಡರೆ ಬಾಲ ಮುದುರಿ ಸೋಫಾ ಕೆಳಗೆ ಸೇರಿ, ಎತ್ತಲು ಹೋದರೆ ಕಚ್ಚುತ್ತಾನೆಯೇ? ಭಯದಿಂದ ಕಚ್ಚುವುದು ಆಪರೇಷನ್‌ನಿಂದ ಹೋಗುವುದಿಲ್ಲ, ಕೆಲವು ಸಲ ಹೆಚ್ಚೂ ಆಗುತ್ತದೆ. ಅಂಥವನಾದರೆ ಮೊದಲು ಧೈರ್ಯ ತುಂಬಿ, ಒಂದು ವರ್ಷ ದಾಟಲಿ.

ಅತ್ತೆಯವರ ಮೇಲೆ ಸಿಟ್ಟಾಗಬೇಡಿ. "ಬಾಯಿಲ್ಲದ ಜೀವ, ಅದರ ಗಂಡಸುತನ ಕಿತ್ತರೆ ಪಾಪ" ಅಂತ ನಮ್ಮಪ್ಪನೂ ಅಂದವರೇ. ಊರಲ್ಲಿ ಎತ್ತುಗಳಿಗೆ ಬೀಜ ಒಡೆಯುವುದನ್ನು ಕಣ್ಣಾರೆ ನೋಡಿದ್ದರು. ಹಗ್ಗ ಬಿಗಿದು, ಅರಿವಳಿಕೆ ಇಲ್ಲದೆ, ಆ ಕೂಗು. ಅವರ ಮನಸ್ಸಿನಲ್ಲಿದ್ದದ್ದು ಅದು. ಗುಂಡನ ಡಾಕ್ಟರು ಅಪ್ಪನನ್ನೇ ಕೂರಿಸಿಕೊಂಡು, ನಿದ್ದೆ ಮಾಡಿಸುತ್ತೇವೆ, ನೋವಿನ ಔಷಧಿ ಕೊಡುತ್ತೇವೆ, ಚಿಕ್ಕ ಗಾಯ, ಸಂಜೆಗೆ ಮನೆಗೆ ಕಳಿಸುತ್ತೇವೆ ಅಂತ ವಿವರಿಸಿದರು. ಅಪ್ಪ ಆಮೇಲೆ ಮಾತಾಡಲಿಲ್ಲ. ಆಪರೇಷನ್ ದಿನ ರಿಕ್ಷಾದಲ್ಲಿ ಗುಂಡನನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಂದದ್ದು ಅವರೇ. ನಿಮ್ಮ ಅತ್ತೆಯವರನ್ನೂ ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಡಾಕ್ಟರನ್ನು ಕೇಳಬೇಕಾದದ್ದು ಇಷ್ಟಿದೆ. ಶಿಹ್ ತ್ಸು ಚಪ್ಪಟೆ ಮೂಗಿನ ನಾಯಿ, ಅರಿವಳಿಕೆ ಹೊತ್ತಿನಲ್ಲಿ ಉಸಿರಿನದೇ ಚಿಂತೆ. ಗಂಟಲಿಗೆ ನಳಿಕೆ ಹಾಕುತ್ತೀರಾ, ಪೂರ್ತಿ ಎಚ್ಚರ ಆಗುವವರೆಗೆ ಪಕ್ಕದಲ್ಲಿ ಯಾರಾದರೂ ಇರುತ್ತಾರಾ, ಮೈ ಬೆಚ್ಚಗಿಡಲು ಏನಿದೆ ಅಂತ ಕೇಳಿ. ಇದಕ್ಕೆ ಬೇಸರ ಮಾಡಿಕೊಳ್ಳುವ ಕಡೆ ಮಾಡಿಸಬೇಡಿ. ಎಷ್ಟು ಗಂಟೆ ಉಪವಾಸ ಅಂತಲೂ ಕೇಳಿ, ಪುಟ್ಟ ನಾಯಿಗೆ ತುಂಬಾ ಹೊತ್ತು ಹೊಟ್ಟೆ ಖಾಲಿ ಇದ್ದರೆ ಸಕ್ಕರೆ ಅಂಶ ಇಳಿಯುತ್ತದೆ. ಬೆಳಗಿನ ಮೊದಲ ಸರದಿಯನ್ನೇ ತೆಗೆದುಕೊಳ್ಳಿ. ಹಲ್ಲು, ರಕ್ತ ಪರೀಕ್ಷೆ, ಔಷಧಿ ಎಲ್ಲ ಸೇರಿ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಬೀಜ ಹೊಟ್ಟೆಯೊಳಗೆ ಉಳಿದಿದ್ದರೆ ಆಪರೇಷನ್ ದೊಡ್ಡದು. ಆಗ ಅಂಥದ್ದನ್ನು ಮಾಡಿ ಅನುಭವ ಇರುವವರ ಹತ್ತಿರವೇ ಹೋಗಿ. ಮುಂಬೈನ ಪರೇಲ್‌ನಲ್ಲಿ 1886ರಿಂದ ಇರುವ ಪಶುವೈದ್ಯಕೀಯ ಕಾಲೇಜಿದೆ, ಅಲ್ಲೂ ವಿಚಾರಿಸಬಹುದು.

ತಾರೀಖಿನ ಬಗ್ಗೆ ಇನ್ನೊಂದು ಮಾತು. ಈಗ ಗಣಪತಿ ಹಬ್ಬ ನಡೆಯುತ್ತಿದೆ, ಢೋಲ್ ತಾಶಾ ಸದ್ದು. ಆಮೇಲೆ ಅಕ್ಟೋಬರ್ ಸೆಕೆ. ಅದರ ಹಿಂದೆಯೇ ದೀಪಾವಳಿ ಪಟಾಕಿ. ಪಟಾಕಿ ಸದ್ದಿಗೆ ಬೆದರಿ ಮಂಚದಿಂದ ಹಾರಿದರೆ ಹೊಲಿಗೆ ಬಿಡುತ್ತದೆ. ದೀಪಾವಳಿ ಮುಗಿದು ಒಂದು ವಾರ ಕಳೆಯಲಿ. ಆಗ ನಿಮ್ಮ ಮರಿಗೆ ಏಳು ತಿಂಗಳು ದಾಟಿರುತ್ತದೆ, ಗಾಳಿ ಒಣಗಿರುತ್ತದೆ, ಉಣ್ಣೆಯೂ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಲಸಿಕೆಗಳನ್ನೆಲ್ಲ ಮುಗಿಸಿಕೊಳ್ಳಿ.

ಆಪರೇಷನ್ ಆದ ಮೇಲೆ ಹತ್ತು ಹದಿನಾಲ್ಕು ದಿನ ಸ್ನಾನ ಇಲ್ಲ, ಮಂಚ ಸೋಫಾ ಹತ್ತಿಸುವುದಿಲ್ಲ. ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕುವ ಕೋನ್ ತೆಗೆಯಬೇಡಿ, ಎಷ್ಟೇ ಪಾಪ ಅನ್ನಿಸಿದರೂ. ಗುಂಡನದನ್ನು ಊಟಕ್ಕೆ ಅಂತ ಐದು ನಿಮಿಷ ತೆಗೆದಿದ್ದೆ, ಅಷ್ಟರಲ್ಲೇ ನೆಕ್ಕಿ ಒಂದು ಹೊಲಿಗೆ ಸಡಿಲ ಮಾಡಿಕೊಂಡ. ಖಾಲಿ ಚೀಲ ಕೆಲವು ದಿನ ತುಸು ಊದಿಕೊಂಡಿರುತ್ತದೆ. ಆದರೆ ಊತ ಏರುತ್ತಾ ಹೋದರೆ, ರಕ್ತ ಒಸರಿದರೆ, ಊಟ ಬಿಟ್ಟರೆ ರಾತ್ರಿಯಾದರೂ ಡಾಕ್ಟರಿಗೆ ಫೋನ್ ಮಾಡಿ. ಒಂದು ತಿಂಗಳಿಗಿಂತ ಹೆಚ್ಚೇ ಬೆದೆಯಲ್ಲಿರುವ ಹೆಣ್ಣುಗಳಿಂದ ದೂರ ಇಡಿ, ಒಳಗೆ ಉಳಿದ ವೀರ್ಯದಿಂದ ಇನ್ನೂ ಮರಿಯಾಗಬಹುದು. ಹೊಲಿಗೆ ಬಿಚ್ಚಿದ ಮೇಲೆ ಊಟದ ಅಳತೆ ನಾಲ್ಕನೇ ಒಂದು ಭಾಗದಷ್ಟು ಇಳಿಸಿ. ಆಪರೇಷನ್ ಆದ ನಾಯಿಗೆ ಹಸಿವು ಏರುತ್ತದೆ, ಮೈ ಖರ್ಚು ಮಾಡುವ ಶಕ್ತಿ ಇಳಿಯುತ್ತದೆ. ಶಿಹ್ ತ್ಸು ದಪ್ಪವಾದರೆ ಉಸಿರಾಟ ಇನ್ನೂ ಕಷ್ಟ.

ಇವತ್ತು ಸಂಜೆಯೇ ಅವನನ್ನು ಅಂಗಾತ ಮಲಗಿಸಿ ಬೆರಳಾಡಿಸಿ ನೋಡಿ. ತುಟಿಯನ್ನೂ ಎತ್ತಿ ನೋಡಿ. ಎಷ್ಟು ಸಿಕ್ಕಿತು, ಕೋರೆ ಜೋಡಿ ಇದೆಯಾ ಅಂತ ಕೆಳಗೆ ಬರೆಯಿರಿ.